ಯಾರ ಕಡೆಯ ವಕೀಲರು

ಲಾಂಡ್ರಿಯ ಕಟ್ಟಡ ಹರಾಜಿಗೆ ಬಂದಿದೆಯೆಂದು ತಿಳಿದ ದಿನ ಪುಟ್ಟಿ ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು. ಅಪ್ಪ ತೀರಿಕೊಂಡ ಮೇಲೆ ಆ ಬಾಡಿಗೆ ಅಂಗಡಿಯೇ ಅವಳಿಗೂ ಅಮ್ಮನಿಗೂ ಅನ್ನ. ಬೇರೆಯವರ ಪಾಲಾದರೆ ಗಂಟುಮೂಟೆ ಕಟ್ಟಬೇಕಾದೀತು. ಕೊಳ್ಳಲೇಬೇಕು.

ಮಾರುವವರ ಪರವಾಗಿ ಹರಾಜು ನಡೆಸುವವನು ಚಿಕ್ಕಪ್ಪನ ಸ್ನೇಹಿತ. ಸದಾ ಹಲ್ಲು ಬಿಡುತ್ತಿದ್ದರಿಂದ ಊರಿಗೆಲ್ಲ ಅವನು ನಗೆಮುಖ. ಚಿಕ್ಕಪ್ಪನ ಜೊತೆ ಅಂಗಡಿಗೇ ಬಂದು ಸ್ಟೂಲೆಳೆದು ಕೂತ.

“ನಮ್ಮ ವಕೀಲರು ಕಾಗದ ಎಲ್ಲ ನೋಡಿದ್ದಾರಮ್ಮ. ಒಂದು ಕೂದಲೆಳೆ ತೊಡಕಿಲ್ಲ. ನೀವು ಇನ್ನೊಬ್ಬರಿಗೆ ಯಾಕೆ ಫೀಸು ಸುರೀತೀರಾ?”

ಹೊರಗಿನವರೆದುರು ಮಾತಾಡುವುದೆಂದರೆ ಪುಟ್ಟಿಗೆ ಸಂಕೋಚ. ಆದರೂ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದಳು: “ಅವರಿಗೆ ಫೀಸು ಕೊಡೋರು ಯಾರು?”

“ಮಾರೋರು. ನಿಮಗೆ ಪುಕ್ಕಟೆ!”

“ಹಾಗಾದ್ರೆ ಅವರು ಮಾರೋರ ವಕೀಲರು. ನನಗೆ ನನ್ನವರು ಬೇಕು.”

ಅವನು ಹೋದದ್ದೇ ತಡ, ಚಿಕ್ಕಪ್ಪ ಸಿಡಿದ. “ಬಾಯಿಲ್ಲದ ಹುಡುಗಿ ಅಂತಿದ್ವಿ. ಬಾಯಿ ಬಿಟ್ಟಿದ್ದೂ ಬಿಟ್ಟೆ, ಬೇಕಾದವನ ಮುಖಕ್ಕೇ ಹೊಡೆದ ಹಾಗೆ ಮಾತಾಡಿದೆ!”

“ಬೇಕಾದವರು ನಿಮಗೆ, ಚಿಕ್ಕಪ್ಪ.”

ಮರುದಿನ ಮೆಟ್ಟಿಲ ಮೇಲೆ ನಿಂತು ಮಾತನ್ನು ಬಾಯಿಪಾಠ ಮಾಡಿಕೊಂಡು ಒಬ್ಬ ವಕೀಲೆಯ ಕೋಣೆ ಹೊಕ್ಕಳು. ಆಕೆ ಕಾಗದ ಓದಿ ಸುಮ್ಮನಾಗಲಿಲ್ಲ. ಅಂಗಡಿಗೆ ಬಂದು, ಸೀರೆಯ ನೆರಿಗೆ ಎತ್ತಿಹಿಡಿದು ಚರಂಡಿಯ ಜಾಡಿನಲ್ಲೇ ನಡೆದರು. ಅದು ಗೋಡೆಯಡಿ ನುಸುಳಿ ಪಕ್ಕದ ಬಡಗಿಯ ಅಂಗಳ ಹಾದುಹೋಗುತ್ತಿತ್ತು.

“ಇದು ಕಾಗದದಲ್ಲಿಲ್ಲ, ಬಡಗಿ ಹಳೇ ಮಾಲೀಕರಿಗೆ ಬಾಯಿಮಾತಲ್ಲಿ ಒಪ್ಪಿರೋದು. ನಾಳೆ ಬಡಗಿ ಮುಚ್ಚಿಬಿಟ್ರೆ? ಹರಾಜಲ್ಲಿ ಸುತ್ತಿಗೆ ಬಿದ್ದಮೇಲೆ ಬೇಡ ಅನ್ನೋ ಹಾಗಿಲ್ಲ. ಮೊದಲೇ ಬರೆಸ್ಕೊಳ್ಳಿ, ಇಲ್ಲಾಂದ್ರೆ ಕೂಗೋಕೇ ಹೋಗಬೇಡಿ.”

ನೀರು ಹೊರಹೋಗದ ಲಾಂಡ್ರಿ ಕೊಂಡು ಏನು ಮಾಡುವುದು? ಆದರೆ ಬಡಗಿಗೂ ಚಿಕ್ಕಪ್ಪನಿಗೂ ಎಣ್ಣೆ ಸೀಗೆಕಾಯಿ. ಒಗೆದು ಹರವಿದ ಬಟ್ಟೆಯ ಮೇಲೆ ಮರದ ಹೊಟ್ಟು ಹಾರಿತೆಂದು ಹತ್ತಿದ ಜಗಳ ಇನ್ನೂ ಆರಿರಲಿಲ್ಲ. ಪುಟ್ಟಿ ಒಬ್ಬಳೇ ಹೋದಳು.

“ಏನಮ್ಮಾ, ಬೈಯೋಕೆ ಚಿಕ್ಕಪ್ಪನಿಗೆ ದಣಿವಾಯ್ತಾ? ನಿನ್ನ ಕಳ್ಸಿದ್ದಾನೆ!”

“ಯಾರೂ ಕಳಿಸಿಲ್ಲ ಯಜಮಾನ್ರೇ. ಕೇಳೋಕೆ ನಾನೇ ಬಂದೆ.”

ಎಲ್ಲ ಕೇಳಿ ಬಡಗಿ ಉಳಿ ಕೆಳಗಿಟ್ಟ. “ನಿಮ್ಮ ಹಬೆಗೆ ನನ್ನ ಹಲಗೆ ಉಬ್ಕೊಳ್ಳುತ್ತೆ, ಗೊತ್ತಾ? ಯಾರೂ ಒಂದು ಮಾತು ಕೇಳಲಿಲ್ಲ. ಆ ಹಬೆ ಕೊಳವೇನ ರಸ್ತೆ ಕಡೆ ತಿರುಗಿಸು. ಬರ್ಕೊಡ್ತೀನಿ.”

ಕೊಳವೆ ತಿರುಗಿತು. ವಕೀಲೆ ಸಿದ್ಧಪಡಿಸಿದ ಕರಾರಿಗೆ ಬಡಗಿ ರುಜು ಹಾಕಿದ.

ಹರಾಜಿನ ದಿನ ಪುಟ್ಟಿಯ ಪರ ಕೂಗುವುದು ವಕೀಲೆಯೊಬ್ಬರೇ, ಬ್ಯಾಂಕು ಸಾಲ ಕೊಡಲು ಒಪ್ಪಿದ ಮೊತ್ತ ದಾಟುವಂತಿಲ್ಲ ಎಂದು ಮೊದಲೇ ಮಾತಾಗಿತ್ತು. ಪೈಪೋಟಿಗೆ ಬಿದ್ದ ಗೋದಾಮಿನವನು ಏರಿಸಿ ಏರಿಸಿ ಕೊನೆಗೆ ಕೈಚೆಲ್ಲಿದ. ವಕೀಲೆಯ ಕೂಗೇ ಮೇಲುಳಿಯಿತು. ಆಗ ನಗೆಮುಖ ವೇದಿಕೆಯಿಂದ, ಪುಟ್ಟಿಯ ಪಕ್ಕ ಕೂತಿದ್ದ ಚಿಕ್ಕಪ್ಪನತ್ತ ಹಲ್ಲು ಬಿಟ್ಟ.

“ಕೈಜಾರಿ ಹೋಗ್ತಿದೆ ಯಜಮಾನ್ರೇ! ಇನ್ನೊಂದು ಕೂಗು?”

ಪೈಪೋಟಿಯ ಬಿಸಿಯೇರಿದ್ದ ಚಿಕ್ಕಪ್ಪನಿಗೆ ಕೊನೆಯ ಕೂಗು ಯಾರದೆಂಬುದೇ ಮರೆತುಹೋಗಿತ್ತು. ಕೈ ಮೇಲೆದ್ದಿತು. ಪುಟ್ಟಿ ಛಂಗನೆ ಎದ್ದು, ತುಂಬಿದ ಸಭೆಯಲ್ಲಿ ಆ ಕೈಯನ್ನು ಎರಡೂ ಕೈಗಳಿಂದ ಕೆಳಗೆಳೆದಳು.

“ಮೇಲಿರೋದು ನಮ್ಮ ಕೂಗೇ! ನಮ್ಮ ಮೇಲೆ ನೀವೇ ಏರಿಸ್ತೀರಾ ಚಿಕ್ಕಪ್ಪ?”

ಸಭೆ ಗೊಳ್ಳೆಂದಿತು. ಅವಳ ಕಿವಿ ಕಾದವು. ಆದರೆ ಕೂರಲಿಲ್ಲ. “ನನ್ನ ಪರ ಮಾತಾಡೋರು ಇವರೊಬ್ಬರೇ,” ಎಂದು ವಕೀಲೆಯನ್ನು ತೋರಿಸಿದಳು. ನಗೆಮುಖನತ್ತ ತಿರುಗಿ, “ನೀವು ಮುಂದುವರಿಸಿ,” ಎಂದಳು.

ನಗೆಮುಖನ ತುಟಿ ಮುಚ್ಚಿತು. ಸುತ್ತಿಗೆ ಬಿತ್ತು.

“ಭುಜ ಕಿತ್ತೇಹೋಯ್ತಲ್ಲೇ ಮಾರಾಯ್ತಿ,” ಎಂದು ಗೊಣಗಿದ ಚಿಕ್ಕಪ್ಪ, ನಾಚಿಕೆಯಿಂದ. “ಹೋಗು, ರುಜು ಹಾಕೋಕೆ ಕರೀತಿದ್ದಾರೆ.”

ಮೇಜಿನ ಮೇಲೆ ಯಾರೋ ಪೆನ್ನು ಮುಂದೆ ಸರಿಸಿದರು. ಪುಟ್ಟಿ ಅದನ್ನು ಮುಟ್ಟಲಿಲ್ಲ. ವಕೀಲೆ ಕೊನೆಯ ಸಾಲಿನವರೆಗೆ ಓದಿ ತಲೆಯಾಡಿಸಿದ ಮೇಲೆ ಕೈಗೆತ್ತಿಕೊಂಡಳು.