ಏಣಿ ಹಿಡಿದವರು

ಅಂಗಿಯ ಎರಡೂ ಪಕ್ಕೆಗಳನ್ನು ಒಳಗೆ ಹಿಡಿದು ಹೊಲಿಯುತ್ತಿದ್ದ ಅಕ್ಕನ ಮೊಣಕೈ ತಗುಲಿ ಗುಂಡುಸೂಜಿಯ ಡಬ್ಬಿ ನೆಲಕ್ಕೆ ಮಗುಚಿಕೊಂಡಿತು. ತಮ್ಮನಿಗಿದ್ದ ಒಳ್ಳೆಯ ಅಂಗಿ ಅದೊಂದೇ. ಹೊಲಿದಾಗ ಮೈತುಂಬ ಕೂತಿತ್ತು. ಈಗ ನಡುಮನೆಯ ಬೆಂಚಿನ ಮೇಲೆ ಮಲಗಿದವನಿಗೆ ಅದು ದೊಗಲೆ. ಮಣ್ಣಿಗೆ ಹೋಗುವ ಅಂಗಿಗೆ ಅಳತೆ ಯಾಕೆ ಎಂದು ಯಾರೋ ಮೆಲ್ಲಗೆ ಅಂದರು. ನಲವತ್ತು ವರ್ಷ ಕಂಡವರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವಳು, ತಮ್ಮನನ್ನು ದೊಗಲೆ ಅಂಗಿಯಲ್ಲಿ ಕಳಿಸುವುದುಂಟೆ?

ಮೇಜಿನ ಮೇಲಿದ್ದ ಅಯಸ್ಕಾಂತವನ್ನು ಎತ್ತಿ ನೆಲದ ಮೇಲೆ ಆಡಿಸಿದಳು. ಸೂಜಿಗಳು ಮುತ್ತಿಕೊಂಡವು. ಕೈ ಅಲ್ಲೇ ನಿಂತಿತು. ನಿನ್ನೆ ಬೆಳಿಗ್ಗೆಯೂ ಹೀಗೇ ಡಬ್ಬಿ ಚೆಲ್ಲಿತ್ತು. ಕೆಲಸಕ್ಕೆ ಹೊರಟಿದ್ದವನು ಜೇಬಿನಿಂದ ಇದನ್ನು ತೆಗೆದುಕೊಟ್ಟು, “ಇಟ್ಕೋ ಅಕ್ಕ, ಇವತ್ತು ನಂಗೆ ಬೇಡ” ಎಂದು ಹೋಗಿದ್ದ. ಹನ್ನೊಂದು ಗಂಟೆಗೆ ಕಚೇರಿ ಕಟ್ಟಡದ ತಾರಸಿಯಿಂದ ಬಿದ್ದ. ಆ ತಾರಸಿಗೆ ಅಡ್ಡಗೋಡೆ ಇಲ್ಲ, ಹತ್ತಲು ಮೆಟ್ಟಿಲೂ ಇಲ್ಲ. ಇರುವುದು ಒಂದು ಕಬ್ಬಿಣದ ಏಣಿ.

ಹೊರಗೆ ನಿವೃತ್ತ ಬಸ್ ಡ್ರೈವರು ನಾಲ್ಕು ಜನರನ್ನು ಕೂಡಿಸಿಕೊಂಡು ಮಾತಾಡುತ್ತಿದ್ದ. ಬೀದಿಯವರಿಗೆಲ್ಲ ಸತ್ತವನು ಧೂಳಪ್ಪ. ಹನ್ನೆರಡು ವರ್ಷದಿಂದ ತನ್ನ ಮನೆಯ ತಾರಸಿಯನ್ನು ಧೂಳಪ್ಪನೇ ಗುಡಿಸುತ್ತಿದ್ದನೆಂದೂ, ಬೇಡವೆಂದರೂ ಕೇಳುತ್ತಿರಲಿಲ್ಲವೆಂದೂ, ಇನ್ನು ಮೇಲೆ ಹೆಂಡತಿ ಪೊರಕೆಯನ್ನು ತನ್ನ ಕೈಗೇ ಕೊಡುವಳೆಂದೂ ಹೇಳಿದ. ನಗು ಎದ್ದು, ಬಾಗಿಲ ಕಡೆ ನೋಡಿ ಅಡಗಿತು.

ಆಗಲೇ ಕಚೇರಿಯ ವ್ಯಾನು ಬಂತು. ಇಳಿದವರು ಇಬ್ಬರು. ಒಬ್ಬ ಗುಮಾಸ್ತ, ಕೈಯಲ್ಲಿ ಹೂವಿನ ಚಕ್ರ, ಕಂಕುಳಲ್ಲಿ ಕಡತ. ಅವನ ಹಿಂದೆ ತಮ್ಮನ ಜೊತೆ ಕಸಗುಡಿಸುತ್ತಿದ್ದ ಹೆಂಗಸು. ಅವನು ಮೇಲೆ ಹತ್ತಿದಾಗಲೆಲ್ಲ ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದವಳು, ಹಾಗಾಗಿ ಅವನ ಬಾಯಲ್ಲಿ ಅವಳು ಏಣಿ. ಹೊಸಿಲ ಬಳಿ ಕುಕ್ಕರಿಸಿ ಕೂತು ಕಾಲಬೆರಳು ನೋಡತೊಡಗಿದಳು.

ಗುಮಾಸ್ತ ಚಕ್ರವನ್ನು ಹೆಣದ ಕಾಲಬಳಿ ಇಟ್ಟು, ಲೆಕ್ಕ ಹಾಕಿದಂತೆ ಅರ್ಧ ನಿಮಿಷ ನಿಂತು, ಕಾಗದ ತೆಗೆದ. ಬದುಕಿದ್ದಾಗ ಅವನ ಹೆಸರನ್ನು ಒಂದು ಸಲವೂ ಸರಿಯಾಗಿ ಬರೆಯದ ಕಚೇರಿ, ಸತ್ತ ಮಾರನೇ ದಿನ ಮೂರು ಕಡೆ ಒಂದು ತಪ್ಪೂ ಇಲ್ಲದೆ ಟೈಪು ಮಾಡಿತ್ತು. ಅದರ ಪ್ರಕಾರ ಮೃತರು ಕೆಲಸಕ್ಕೆ ಸಂಬಂಧವಿಲ್ಲದೆ, ತಮ್ಮ ಸ್ವಂತ ಹವ್ಯಾಸವಾದ ಧೂಳು ಸಂಗ್ರಹಕ್ಕಾಗಿ ತಾರಸಿ ಏರಿದ್ದರು. ಕೆಳಗೆ ಅಕ್ಕನ ಸಹಿಗೆ ಗೆರೆ.

*

ಆ ಧೂಳಿನ ಹುಚ್ಚು ಹಿಡಿದದ್ದು ಅದೇ ಕಚೇರಿಯ ಕಸದ ಬುಟ್ಟಿಯಿಂದ. ಯಾರೋ ಎಸೆದ ಪತ್ರಿಕೆಯಲ್ಲಿ ಓದಿದ್ದ: ಉರಿದು ಕರಗಿದ ಉಲ್ಕೆಯ ಕಣಗಳು ದಿನವೂ ಎಲ್ಲರ ಮನೆಯ ಮೇಲೂ ಬೀಳುತ್ತವೆ, ಒಂದು ಚಾಪೆ ಹಾಸುವಷ್ಟು ಜಾಗಕ್ಕೆ ವರ್ಷಕ್ಕೆ ಒಂದು ಬಿದ್ದರೆ ಹೆಚ್ಚು. ಅಂದಿನಿಂದ ರಜೆಯ ದಿನವೆಲ್ಲ ಅದೇ. ಗುಡಿಸಿದ ಧೂಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು, ಪ್ಲಾಸ್ಟಿಕ್ಕು ಸುತ್ತಿದ ಅಯಸ್ಕಾಂತ ಆಡಿಸುವನು. ಅಂಟಿಕೊಂಡದ್ದನ್ನು ಹಳೆಯ ಮೈಕ್ರೋಸ್ಕೋಪಿನ ಕೆಳಗೆ ಹರಡುವನು.

ಅವನ ಕೈ ಪೊರಕೆ ಹಿಡಿದ ಕೈ, ನಡುಗುತ್ತಿತ್ತು. ಸೂಜಿಯ ತುದಿಯನ್ನು ನಾಲಿಗೆಗೆ ತಾಗಿಸಿ ಕಣವನ್ನು ಎತ್ತುವ ಕೆಲಸ ಅಕ್ಕನದು. ಕನ್ನಡಿಯಂತೆ ನುಣ್ಣಗೆ ಹೊಳೆಯುವ ಗುಂಡುಗಳು ವೆಲ್ಡಿಂಗಿನ ಕಿಡಿಯವು, ಅಂಥವು ಸಾವಿರಗಟ್ಟಲೆ. ಆರನೇ ತಿಂಗಳಲ್ಲಿ ಒಂದು ಮಂಕು ಕಪ್ಪು ಗುಂಡು ಕಂಡಿತು. ಮೈಮೇಲೆ ಒತ್ತೊತ್ತಾಗಿ ಗೆರೆಗಳು.

“ಇದೇನೋ, ಯಾರೋ ಒತ್ತುಹೊಲಿಗೆ ಹಾಕಿದಂಗಿದೆ” ಅಂದಳು.

ಅವನು ನೋಡಿದ. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. “ನಮ್ಮನೆಗೆ ಯಾರೂ ಬರಲ್ಲ ಅಂತೀಯಲ್ಲಕ್ಕ” ಅಂದ ಕೊನೆಗೆ. “ನೋಡು, ಎಷ್ಟು ದೂರದಿಂದ ಬಂದಿದೆ.”

ಹನ್ನೆರಡು ವರ್ಷದಲ್ಲಿ ಅಂಥವು ಒಂಬತ್ತು. ಪ್ರತಿ ತಾರಸಿಯ ಧೂಳಿಗೂ ಒಂದು ಕಾಗದದ ಪೊಟ್ಟಣ. ಮೇಲೆ ತಾರೀಖು, ಜಾಗ, ಗುಡಿಸಿದವರು, ಏಣಿ ಹಿಡಿದವರು. ಹಿಡಿದವರ ಹೆಸರೂ ಯಾಕೆ ಅಂತ ಅಕ್ಕ ಕೇಳಿದ್ದಳು. ಕೆಳಗೆ ಅವಳು ಏಣಿ ಹಿಡಿಯದಿದ್ದರೆ ನಾನು ಹತ್ತುತ್ತಿದ್ದೆನೇ ಎಂದಿದ್ದ.

*

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಅವಳು ಕಾಗದವನ್ನು ಎರಡು ಸಲ ಓದಿದಳು.

“ನಿನ್ನೆ ಅವನು ಧೂಳಿಗೆ ಹೋಗಿರಲಿಲ್ಲ. ಅಯಸ್ಕಾಂತ ಇಲ್ಲೇ ಇದೆ.”

“ಅಮ್ಮಾ, ಒಂದು ಅಯಸ್ಕಾಂತ ಸಾಕ್ಷಿ ಆಗುತ್ತಾ?”

“ಆ ತಾರಸೀನ ಹೋದ ತಿಂಗಳೇ ರಜಾ ದಿನ ಅನುಮತಿ ತಗೊಂಡು ಗುಡಿಸಿದಾನೆ. ಒಂದು ಸಲ ಗುಡಿಸಿದ ಜಾಗಕ್ಕೆ ವರ್ಷ ತುಂಬೋವರೆಗೂ ಅವನು ಕಾಲಿಡಲ್ಲ. ಅಲ್ಲಿ ಅವನಿಗೆ ಏನೂ ಇರಲಿಲ್ಲ.”

ಇವೆಲ್ಲ ತನಗೆ ತಿಳಿಯದೆಂದೂ, ತಾನು ಬರೀ ಕಾಗದ ತಂದವನೆಂದೂ, ಸಹಿಯಾದರೆ ಅವನ ಫೋಟೋವನ್ನು ಕಚೇರಿಯಲ್ಲಿ ತೂಗುಹಾಕಲು ಸಾಹೇಬರು ಒಪ್ಪಿದ್ದಾರೆಂದೂ ಗುಮಾಸ್ತ ಹೇಳಿದ. ಅಕ್ಕ ಹೊಸಿಲ ಕಡೆ ತಿರುಗಿದಳು.

“ನೀನಿದ್ದೆಯಲ್ಲೇ ಅಲ್ಲಿ. ಹೇಳು.”

ಗುಮಾಸ್ತನೂ ಆ ಕಡೆ ನೋಡಿದ. ಏಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಕ್ಕನ ದನಿ ಏರಲಿಲ್ಲ. “ಇಪ್ಪತ್ತೆಂಟು ವರ್ಷ ಅವನ ಬೆನ್ನು ನಿಮ್ಮದು, ಮಂಡಿ ನಿಮ್ಮದು. ಅವನದು ಅಂತ ಇದ್ದದ್ದು ಒಂದು ಚಿಟಿಕೆ ಧೂಳು. ಅದರ ತಲೆಗೆ ಅವನ ಸಾವನ್ನ ಕಟ್ತೀರಾ?”

ಡ್ರೈವರು ಒಳಗೆ ಬಂದು ಹೊತ್ತಾಯಿತೆಂದ. ಗುಮಾಸ್ತ ಕಾಗದವನ್ನು ಮೇಜಿನ ಮೇಲೆ ಬಿಟ್ಟು, ನಿಧಾನವಾಗಿ ಯೋಚಿಸಿ ನಾಳೆ ಕಳಿಸಿದರೂ ನಡೆಯುತ್ತದೆ ಎಂದು ಹೊರಬಿದ್ದ. ಅಕ್ಕ ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ತೊಡಿಸಿದಾಗ ಅಂಗಿ ಸರಿಯಾಗಿ ಕೂತಿತು.

*

ಮಣ್ಣು ಮಾಡಿ ಬಂದವರು ಒಬ್ಬೊಬ್ಬರೇ ಕರಗಿದರು. ಬೆಂಚು ಖಾಲಿಯಾಗಿತ್ತು. ಸಂಜೆಯ ಬಿಸಿಲು ಮೈಕ್ರೋಸ್ಕೋಪಿನ ಗಾಜಿನ ಮೇಲೆ ಬಿದ್ದು, ಯಾರೂ ನೋಡದೆ ಸರಿದುಹೋಗುತ್ತಿತ್ತು. ಇನ್ನು ಮೇಲೆ ಸೂಜಿ ನಾಲಿಗೆಗೆ ತಾಗಿಸಿ ಎತ್ತುವುದಕ್ಕೆ ಈ ಮನೆಯಲ್ಲಿ ಏನೂ ಇಲ್ಲ.

ಬಾಗಿಲಲ್ಲಿ ನೆರಳಾಡಿತು. ಏಣಿ ವ್ಯಾನು ಹತ್ತದೆ ಸ್ಮಶಾನದಿಂದ ನಡೆದೇ ಬಂದಿದ್ದಳು.

“ತಾರಸಿ ಪೈಪು ಕಟ್ಕೊಂಡಿತ್ತಕ್ಕ. ಸಾಹೇಬರ ಕೋಣೆಗೆ ನೀರು ಸೋರ್ತಿತ್ತು” ಅಂದಳು ನಿಂತಲ್ಲೇ. “ಅಣ್ಣ ಹಗ್ಗ ಕೇಳಿದ್ರು. ಹಗ್ಗ ಹುಡುಕೋ ಹೊತ್ತಿಗೆ ಮೀಟಿಂಗೇ ಮುಗಿದುಹೋಗುತ್ತೆ, ಮೇಲೆ ಹತ್ತು ಅಂದ್ರು ಸಾಹೇಬರು. ನಾನು ಏಣಿ ಹಿಡ್ಕೊಂಡಿದ್ದೆ. ಅವರು ಬಿದ್ದ ಮೇಲೂ ಹಿಡ್ಕೊಂಡೇ ಇದ್ದೆ.”

ಅಕ್ಕ ಕಚೇರಿಯ ಕಾಗದವನ್ನು ಮಗುಚಿ, ತಮ್ಮ ಮಡಿಚುತ್ತಿದ್ದ ಹಾಗೇ ಮೂರು ಮಡಿಕೆ ಹಾಕಿದಳು. ಟೈಪಿನ ಅಕ್ಷರಗಳು ಒಳಗೆ ಹೋದವು. ಪೊಟ್ಟಣದ ಮೇಲೆ ನಿನ್ನೆಯ ತಾರೀಖು ಬರೆದಳು. ಕಚೇರಿ ಕಟ್ಟಡ, ತಾರಸಿ. ಪೈಪು ಬಿಡಿಸಲು ಹೇಳಿ ಹತ್ತಿಸಿದ್ದು, ಹಗ್ಗ ಕೊಡಲಿಲ್ಲ. ತಮ್ಮನ ಹೆಸರು. ಕೊನೆಗೆ ಏಣಿ ಹಿಡಿದವರು ಎಂದು ಬರೆದು, ಮುಂದೆ ಜಾಗ ಬಿಟ್ಟು, ಪೆನ್ನನ್ನು ಕೆಳಗಿಟ್ಟಳು.

“ಬೆಳಿಗ್ಗೆ ಇದನ್ನೇ ಒಯ್ದು ಕೊಡ್ತೀನಿ.”

“ನಾಡಿದ್ದಿಂದ ನನಗೆ ಕೆಲಸ ಇರಲ್ಲ ಅಕ್ಕ.”

“ಗೊತ್ತು ಕಣೇ.”

ಏಣಿ ಗೋಡೆಗೆ ಒರಗಿದಳು. ಆಮೇಲೆ ಅಂಗೈಯನ್ನು ಸೀರೆಗೆ ಒರೆಸಿ, ಮೇಜಿಗೆ ಬಗ್ಗಿ, ಪೆನ್ನು ತೆಗೆದುಕೊಂಡಳು. ಅಷ್ಟು ವರ್ಷದ ಪೊಟ್ಟಣಗಳಲ್ಲಿ ಏಣಿ ಎಂದಷ್ಟೇ ಇದ್ದ ಕಡೆ, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಪೂರ್ತಿ ಹೆಸರು ಬರೆದಳು.

ಅವಳು ಹೋದ ಮೇಲೆ ಅಕ್ಕ ಪೆಟ್ಟಿಗೆಯಿಂದ ಹೋದ ತಿಂಗಳ ಪೊಟ್ಟಣ ಹುಡುಕಿದಳು. ಅದೇ ತಾರಸಿ, ಅಡಿಯಲ್ಲಿ ತಮ್ಮನ ಅಕ್ಷರ: ಇನ್ನು ಒಂದು ವರ್ಷ ಇಲ್ಲಿ ಏನೂ ಸಿಗದು. ಅಯಸ್ಕಾಂತದಿಂದ ಒಂದು ಗುಂಡುಸೂಜಿ ಕಿತ್ತು, ಎರಡೂ ಪೊಟ್ಟಣಗಳನ್ನು ಸೇರಿಸಿ ಚುಚ್ಚಿದಳು. ಒಂದರಲ್ಲಿ ಚಿಟಿಕೆ ಧೂಳಿತ್ತು. ಇನ್ನೊಂದು ಖಾಲಿ.