ನಕುಲನ ಕಲ್ಲು

ನನ್ನ ಬಾಯಿ ಕೆಟ್ಟದ್ದು. ಯರಗುಪ್ಪಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನನ್ನ ಯಜಮಾನರು ಹೊಳೆಪ್ಪನವರಂತೂ ಕೇಳದಿದ್ದರೂ ಹೇಳುತ್ತಾರೆ. ಮನಸ್ಸಿನಲ್ಲಿ ಏನೂ ಇರುವುದಿಲ್ಲ, ಬಾಯಿಗೆ ಬಂದದ್ದು ಬಂದುಬಿಡುತ್ತದೆ. ಸೊಸೆ ಶೈಲಾ ಮನೆ ತುಂಬಿದ ಎರಡನೇ ದಿನವೇ ಅದು ಬಂತು. ಹುಡುಗಿ ಒಲೆಯ ಮುಂದೆ ಕೂತು ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು.

"ನಮ್ಮ ಮನ್ಯಾಗ ಎಡಗೈಲೆ ಬಡದ ರೊಟ್ಟಿ ಯಾರೂ ತಿನ್ನೂದಿಲ್ಲವಾ" ಎಂದೆ. ಅವಳು ಕೈ ಬದಲಿಸಿದಳು.

ಅಲ್ಲಿಂದ ಎಂಟು ತಿಂಗಳು ನಾವು ಹರಿದ ರೊಟ್ಟಿ ತಿಂದೆವು. ಬಲಗೈಯಲ್ಲಿ ಅವಳಿಗೆ ಹದವೇ ಸಿಗಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ನನ್ನ ಮಗ ಸಂಗನಬಸವ, "ಹೆಂಗಿದ್ರೂ ಮುರದಽ ತಿನ್ನೂದಲ್ಲೇನು" ಎಂದು ಪಲ್ಯ ಸುತ್ತಿಕೊಂಡು ತಿನ್ನುತ್ತಿದ್ದ. ನಾನು ಮಾತ್ರ ದಿನಾ ಒಂದು ಮಾತು ಅಂದೇ ಏಳುತ್ತಿದ್ದೆ. ಹಾಗೆಂದು ಶೈಲಾ ನನಗೆ ಬೇಡವಾದವಳಲ್ಲ. ರಾತ್ರಿ ಕೇಳದೆಯೇ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಊರಿನವರನ್ನು ಆಡಿಕೊಂಡರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಲ್ಲದ ಮನೆ ನನಗೂ ಆಗಲೇ ಒಗ್ಗದಂತಾಗಿತ್ತು, ಆದರೆ ಅದನ್ನು ಯಾವತ್ತೂ ಹೇಳಿರಲಿಲ್ಲ.

ಎಳ್ಳಮಾವಾಸ್ಯೆ ಬಂತು, ನಮ್ಮ ಬಾಯಲ್ಲಿ ಎಳ್ಳಮಾಸಿ. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟಿರುತ್ತೇವೆ, ಅವೇ ಪಾಂಡವರು. ಕಲ್ಲು ತೊಳೆದು, ಸುಣ್ಣ ಹಚ್ಚಿ ಪೂಜೆ ಮಾಡಿ, ಎಡೆಯ ಅಡಿಗೆಯನ್ನು ಬೆಳೆಯ ಮೇಲೆ ಎರಚಿ ಚರಗ ಚೆಲ್ಲಿ, ಆಮೇಲೆ ಬಂದವರಿಗೆಲ್ಲ ಊಟ. ಬುತ್ತಿಯ ರೊಟ್ಟಿ ಬಡಿಯುವುದು, ಪಾಂಡವರಿಗೆ ಸುಣ್ಣ ಹಚ್ಚುವುದು ನಮ್ಮಲ್ಲಿ ಸೊಸೆಯ ಕೆಲಸ. ನಲವತ್ತು ವರ್ಷ ನಾನು ಮಾಡಿದ್ದೆ.

ಹಿಂದಿನ ದಿನ ಕಟ್ಟೆಯ ಮೇಲೆ ನಾಲ್ಕು ಹೆಂಗಸರ ಎದುರಿಗೆ ನಾನು, "ಈ ಸರತೆ ರೊಟ್ಟಿ ಸಂಶಿಯಿಂದ ಕೊಂಡ ತರಸೇನಿ. ನಮ್ಮ ಸೊಸಿ ಬಡದ್ರ ಪಾಂಡವರಿಗೂ ಚೂರ ಎಡಿ ಮಾಡಬೇಕಾಗತೈತಿ" ಎಂದೆ. ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಶೈಲಾ ನಗಲಿಲ್ಲ.

ಸಂಜೆ ಕಸ ಹೊಡೆಯುವಾಗ ಅವಳ ಮಂಚದ ಕೆಳಗೆ ತುಂಬಿದ ಬ್ಯಾಗು ಕಂಡಿತು. ಮಗನನ್ನು ಕೇಳಿದೆ.

"ಅಮಾಸಿ ಮುಗದ ಮ್ಯಾಲೆ ತಿರ್ಲಾಪುರಕ್ಕ ತವರಮನಿಗೆ ಹೊಕ್ಕಾಳಂತ. ಯಾವಾಗ ಬರತಿ ಅಂದ್ರ ಸುಮ್ಮನ ಕುಂತಾಳ. ನೀನಽ ಒಂದ ಮಾತ ಕೇಳಬೇ ಯವ್ವಾ" ಎಂದ. ಬೈಯಲು ಸದಾ ತಯಾರಿರುವ ನನ್ನ ಬಾಯಿಗೆ ಇದೊಂದು ಮಾತು ಕೇಳಲು ಬರಲಿಲ್ಲ.

ಮರುದಿನ ಹೊಲದಲ್ಲಿ ಶೈಲಾ ತಲೆ ಬಗ್ಗಿಸಿ ಕಲ್ಲು ತೊಳೆಯಲು ಕೂತಳು. ನನ್ನ ಮೇಲಿನ ಸಿಟ್ಟನ್ನೆಲ್ಲ ಪಾಂಡವರ ಮೇಲೆ ತೀರಿಸಿದಳೋ ಏನೋ, ತೆಂಗಿನ ನಾರು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ನಾಲ್ಕನೆಯ ಕಲ್ಲಿನಿಂದ ವರುಷಗಳ ಸುಣ್ಣ ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಎದ್ದುಬಂತು. ಒಳಗಿನ ಕರಿಕಲ್ಲು ಬಿಸಿಲಿಗೆ ಫಳಫಳ ಹೊಳೆಯಿತು.

"ಏನ ಮಾಡಿದ್ಯೇ? ನಕುಲನ ತೊಗಲಽ ಸುಲದಿಯಲ್ಲ" ಎಂದು ಒದರಿದೆ.

ನನ್ನ ದನಿಗೆ ಬಾಜು ಹೊಲದಿಂದ ಮುಮತಾಜ್ ಬಂದಳು. ಮಹಬೂಬಸಾಬರ ಮಗಳು, ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಎಳ್ಳಮಾಸಿಗೆ ನಮ್ಮ ಶೇಂಗಾ ಹೋಳಿಗೆ ತಪ್ಪಿಸುವವಳಲ್ಲ. ಬಂದವಳು ಹೋಳಿಗೆ ಮರೆತು ಕಲ್ಲಿನ ಮುಂದೆ ಕೂತುಬಿಟ್ಟಳು.

"ಕಾಕಿ, ಇದನ್ನ ಯಾರ ಇಟ್ಟಿದ್ರು?"

"ನಮ್ಮ ಮಾವನವರು. ಹೊಲಾ ಉಳಾಕ ಗಳೇ ಹೊಡಿಯೂವಾಗ ಸಿಕ್ಕಿತ್ತಂತ."

"ಈ ಎರಿ ಮಣ್ಣಿನ ಹೊಲದಾಗ ಇಂಥಾ ಕಲ್ಲ ಹುಟ್ಟೂದಿಲ್ಲರಿ. ಯಾರೋ ದೂರದಿಂದ ಹೊತಗೊಂಡ ಬಂದಾರ. ಇದು ಕಾಳ ಅರಿಯೂ ಕಲ್ಲು. ಕಬ್ಬಿಣ ಕಾಣದ ಕಾಲದ ಮಂದೀದು. ಮೂರ ನಾಕ ಸಾವಿರ ವರ್ಷರ ಆಗಿರಬೇಕು."

ಆಮೇಲೆ ಅವಳು ಆ ಜನರ ಸುದ್ದಿ ಹೇಳಿದಳು. ದುಂಡನೆಯ ಗುಡಿಸಲು ಕಟ್ಟಿಕೊಂಡು, ದನ ಸಾಕಿಕೊಂಡು ಇದ್ದರಂತೆ. ಕೂಸು ಸತ್ತರೆ ಹೊರಗೆ ಬಿಡಲು ಮನಸ್ಸಾಗದೆ ಗಡಿಗೆಯಲ್ಲಿಟ್ಟು ಮನೆಯ ನೆಲದಲ್ಲೇ ಹೂಳುತ್ತಿದ್ದರಂತೆ. ನನಗೆ ಮಂಚದ ಕೆಳಗಿನ ಬ್ಯಾಗು ನೆನಪಾಯಿತು.

"ಇಲ್ಲಿ ನೋಡ್ರಿ, ಕೈಬೊಟ್ಟಿನ ಗುರತು, ಕುಳಿ ಬಿದ್ದಾವ. ವರ್ಷಾನಗಟ್ಟಲೆ ಒಂದಽ ಕೈ ಹಿಡದ ಹಿಡದ ಸವದೈತಿ. ಹೆಬ್ಬಟ್ಟ ಇಲ್ಲಿ ಕೂಡಬೇಕು" ಎಂದು ಮುಮತಾಜ್ ಹಿಡಿದು ನೋಡಿದಳು. ಕೂಡಲಿಲ್ಲ. ನಾನು ಹಿಡಿದೆ, ಸಂಗನಬಸವ ಹಿಡಿದ. ಯಾರ ಹೆಬ್ಬೆಟ್ಟೂ ಕುಳಿಗೆ ಬರಲಿಲ್ಲ. "ಶೈಲಾ, ನೀನೂ ಹಿಡಿ" ಎಂದಳು ಮುಮತಾಜ್.

ಶೈಲಾ ಒಮ್ಮೆ ನನ್ನ ಕಡೆ ನೋಡಿ ಬಲಗೈ ಚಾಚಿದಳು. ಒದ್ದೆ ಕಲ್ಲು ಜಾರಿತು. ಬೀಳುವುದನ್ನು ಥಟ್ಟನೆ ಎಡಗೈಯಿಂದ ಹಿಡಿದಳು. ನಾಲ್ಕು ಬೆರಳೂ ಕುಳಿಗಳಲ್ಲಿ ಇಳಿದವು, ಹೆಬ್ಬೆಟ್ಟು ತನ್ನ ಜಾಗದಲ್ಲಿ ಹೋಗಿ ಕೂತಿತು.

ಮುಮತಾಜ್ ಮೆಲ್ಲಗೆ, "ಆಕಿ ಎಡಚಿ ಇದ್ಲರಿ ಕಾಕಿ" ಎಂದಳು.

"ಆಕಿ ಅಂತ ನಿನಗ ಹೆಂಗ ಗೊತ್ತು?"

"ಖಾತ್ರಿ ಹೇಳಾಕ ಆಗೂದಿಲ್ಲ. ಆದ್ರ ಕೈ ಸಣ್ಣದೈತಿ ನೋಡ್ರಿ."

ನಲವತ್ತು ವರ್ಷ ನಾನು ಒಬ್ಬ ಹೆಣ್ಣುಮಗಳ ಅರೆಯುವ ಕಲ್ಲಿಗೆ ನಕುಲ ಎಂದು ಕೈ ಮುಗಿದಿದ್ದೆ, ಅದೂ ಎಡಗೈಯವಳದು. ಅವಳು ಅರೆದದ್ದನ್ನು ಮನೆಯವರೆಲ್ಲ ತಿಂದರಲ್ಲ. ಅವಳ ಅತ್ತೆಯೂ ನನ್ನ ಹಾಗೆ ಬಾಯಿ ಮಾಡಿರಬಹುದು. ಮಾಡಿದ್ದರೂ ಕೊನೆಗೆ ಸುಮ್ಮನಾಗಿದ್ದಾಳೆ. ಇಲ್ಲದಿದ್ದರೆ ಆ ಕಲ್ಲು ಅಷ್ಟು ಸವೆಯುತ್ತಿರಲಿಲ್ಲ.

ಮುಮತಾಜ್ ಫೋಟೋ ತೆಗೆದುಕೊಂಡು, ಅಳತೆ ಬರೆದುಕೊಂಡು ಕಲ್ಲನ್ನು ತಿರುಗಿ ಅದರ ಜಾಗದಲ್ಲಿಟ್ಟಳು. ಶೈಲಾ ಸುಣ್ಣದ ಬಟ್ಟಲು ತಂದು, ಅರಿವೆಯ ತುಂಡನ್ನು ಬಲಗೈಗೆ ತೆಗೆದುಕೊಂಡಳು.

"ಎಡಗೈಲೆ ಹಚ್ಚವಾ" ಎಂದೆ.

"ಪೂಜಿಗೆ ಎಡಗೈ ಏನ?" ಎಂದರು ಯಜಮಾನರು.

"ನೀವ ಸುಮ್ಮನಿರ್ರಿ. ಆ ಕಲ್ಲಿಗೆ ಅದಽ ರೂಢಿ ಐತಿ." ಅಷ್ಟು ಹೇಳಿ ಶೈಲಾಳ ಪಕ್ಕ ಕುಕ್ಕರಿಸಿದೆ. ಮಂಡಿ ಕಟಕ್ಕೆಂದಿತು. "ತಪ್ಪಾತವಾ ನಂದು. ಎಂಟ ತಿಂಗಳ ನಿನ್ನ ಕೈ ಕಟ್ಟಿ ಹಾಕಿದೆ" ಎಂದೆ. ಅವಳು ಅರಿವೆಯನ್ನು ಎಡಗೈಗೆ ಬದಲಿಸಿದಳು. ಸುಣ್ಣದ ಜೊತೆಗೆ ಅವಳ ಎರಡು ಹನಿ ಕಣ್ಣೀರೂ ನಕುಲನ ಮೇಲೆ ಬಿದ್ದವು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಯಿತು. ತಡವರಿಸದೆ ಒಂದೇ ಸಮ ಬರುತ್ತಿದ್ದ ಸಪ್ಪಳ. ಒಲೆಯ ಮುಂದೆ ಹೋಗಿ ಕೂತೆ. ಬುಟ್ಟಿಯಲ್ಲಿ ರೊಟ್ಟಿಗಳು, ದುಂಡಗೆ, ಅಗದಿ ತೆಳ್ಳಗೆ, ಒಂದೂ ಹರಿದಿಲ್ಲ. ಶೈಲಾ ನನ್ನ ತಾಟಿಗೆ ಒಂದು ಹಾಕಿ, "ಅತ್ತಿ, ಮುರದ ಹಾಕಲೇನ್ರಿ?" ಎಂದಳು. ತುಟಿ ಬಿಗಿ ಹಿಡಿದಿದ್ದಳು, ಕಣ್ಣು ನಗುತ್ತಿತ್ತು. ನಾನು ಮೂರು ರೊಟ್ಟಿ ತಿಂದೆ.

"ತಿರ್ಲಾಪುರದ ಬಸ್ಸು ಎಷ್ಟಕ್ಕೈತಿ?" ಎಂದು ಕೊನೆಗೂ ಕೇಳಿದೆ.

"ಹತ್ತಕ್ಕರಿ."

"ಹಂಗಾರ ಇಪ್ಪತ್ತ ರೊಟ್ಟಿ ನಿಮ್ಮವ್ವಗ ಒಯ್ಯಿ. ಎಡಗೈಲೆ ಬಡದಾವ, ನಮ್ಮತ್ತಿ ಮೂರ ತಿಂದಾಳ ಅಂತ ಹೇಳು."

ಶೈಲಾ ಕೈ ತೊಳೆದುಕೊಂಡು ಬ್ಯಾಗು ತಂದಳು. ರೊಟ್ಟಿ ಗಂಟಿಗೆ ಜಾಗ ಸಾಲಲಿಲ್ಲ. ಒಳಗಿನ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು, ಮಡಿಕೆ ಸರಿ ಮಾಡಿದಳು, ಎಲ್ಲವನ್ನೂ ಒಯ್ದು ನಮ್ಮ ಮನೆಯ ಕಪಾಟಿನಲ್ಲಿಟ್ಟಳು.