ಕಿಟಕಿಯ ಪಕ್ಕದ ಸ್ಟೂಲು

ಹಂಡೆಯ ತಳ ಫಳಫಳ ಹೊಳೆಯುತ್ತಿದ್ದರೂ ಸೊಸೆ ಅದನ್ನು ಉಜ್ಜುತ್ತಲೇ ಇದ್ದಳು. ಅತ್ತೆಯನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ತಾಸಾಗಿರಲಿಲ್ಲ.

"ಇವತ್ತೊಂದಿನ ಬಾಗಿಲು ಹಾಕ್ಬಿಡೋಣ ಕಣೆ," ಎಂದ ಗಂಡ. ಅತ್ತು ಅತ್ತು ಅವನ ದನಿ ಬಿದ್ದುಹೋಗಿತ್ತು.

"ಹಾಕಿದ್ರೆ ವಾರ್ಡಿನೋರು ಎಲ್ಲಿಗೆ ಹೋಗ್ಬೇಕು?"

ಎದುರಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ಈ ಪುಟ್ಟ ಊಟದ ಮನೆಯೇ ಗತಿ. ಬೇರೆ ಹೋಟೆಲಿನ ಬೆಲೆ ಕೇಳಿದರೆ ಅವರ ಹಸಿವೇ ಇಂಗಿಹೋಗುತ್ತಿತ್ತು.

ಮಣ್ಣಿಗೆ ಬಂದಿದ್ದ ಆಂಬುಲೆನ್ಸ್ ಡ್ರೈವರ್ ಬಾಗಿಲಿಗೆ ಒರಗಿದ್ದ. "ನಿಮ್ಮತ್ತೆ ಭಾರಿ ಜಿಗುಟು ಬಿಡಮ್ಮ. ಹಸಿವಿಗೆ ಪ್ರಾಣ ಹೋಗ್ತಿದೆ ಅಂದ್ರೆ, 'ಗಾಡಿ ನಿಂದೇ, ಆಸ್ಪತ್ರೆ ಎದುರಿಗೇ, ಹೆದರ್ಬೇಡ ಕೂತ್ಕೋ' ಅಂದಿದ್ರು. ತಾವು ತಿಂದು ಒಂದು ತಾಸು ಮುಗಿಯೋ ತನಕ ನಂಗೊಂದು ತುತ್ತು ಕೊಡ್ಲಿಲ್ಲ!"

ಮಣ್ಣು ಮುಗಿಸಿ ಜೊತೆಗೆ ಬಂದಿದ್ದವರೆಲ್ಲ ನಕ್ಕರು. ಸೊಸೆ ಮಾತ್ರ ನಗಲಿಲ್ಲ.

* * *

ಹನ್ನೆರಡು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸತರಲ್ಲಿ, ಚೆಲ್ಲುವುದೇಕೆಂದು ಹಿಂದಿನ ದಿನ ಉಳಿದ ಸಾರನ್ನು ಅವಳು ಹೊಸದಾಗಿ ಮಾಡಿದ ಸಾರಿನ ಹಂಡೆಗೆ ಸುರಿದಿದ್ದಳು. ಸಂಜೆಯೊಳಗೆ ಹನ್ನೊಂದು ಜನ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು. ಹನ್ನೊಂದು ಮಂಚಗಳ ಮುಂದೆಯೂ ಅತ್ತೆ ಕೈ ಮುಗಿದು ನಿಂತರು. ಸೊಸೆಯನ್ನು ಒಂದು ಮಾತೂ ಅನ್ನಲಿಲ್ಲ.

ಮರುದಿನ ಬೀದಿ ಕಡೆಯ ಕಿಟಕಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಒಲೆಗೆ ಬೆನ್ನು ಮಾಡಿ ಕೂತರು. "ಅಡುಗೆ ನೀನೇ ಮಾಡು. ಮೊದಲನೇ ತಟ್ಟೆ ನಂಗೆ ಹಾಕು. ಒಂದು ತಾಸು ಬಿಟ್ಟು ಉಳಿದೋರಿಗೆ."

ಅಂದಿನಿಂದ ಒಂದು ದಿನವೂ ಇದು ತಪ್ಪಿರಲಿಲ್ಲ. ತನ್ನ ಕೈಯಡುಗೆಯ ಮೇಲೆ ಅತ್ತೆಗೆ ನಂಬಿಕೆ ಹೋಯಿತು ಎಂಬ ನೋವನ್ನು ಸೊಸೆ ಯಾರಿಗೂ ಹೇಳದೆ ನುಂಗಿಕೊಂಡೇ ಬಂದಿದ್ದಳು.

* * *

ಮಧ್ಯಾಹ್ನದ ಹೊತ್ತಿಗೆ ಸಾರು ಕುದಿಯಿತು, ಅನ್ನ ಅರಳಿತು. ಹೊರಗೆ ಸಾಲು ಬೆಳೆದಿತ್ತು. ಸೊಸೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಯಾಕಮ್ಮ, ಇವತ್ತು ಮೊದಲನೇ ತಟ್ಟೆ ನೀನೇ ಬಡಿಸ್ಕೋ," ಎಂದಳು ವಾರ್ಡಿನ ಹಳೆಯ ಆಯಾ.

"ನಾನು ತಿಂದು ಕೂತ್ರೆ ಯಾರು ನಂಬ್ತಾರೆ ಆಯಮ್ಮ? ಅತ್ತೆಗೇ ನನ್ನ ಕೈ ಮೇಲೆ ನಂಬಿಕೆ ಇರ್ಲಿಲ್ಲ."

"ಅಯ್ಯೋ ಹುಚ್ಚಿ! ಸೊಸೆ ಮಾಡಿದ್ದನ್ನ ಮುಟ್ಟಲ್ಲ ಅಂತ ಆವಾಗ ಇಡೀ ವಾರ್ಡೇ ಹಟ ಹಿಡಿದಿತ್ತು. ನೀವೇ ಅಡುಗೆ ಮಾಡಿ ಅಂತ ನಾನೂ ಹೇಳ್ದೆ. 'ಇಲ್ಲ, ಅವಳೇ ಮಾಡ್ತಾಳೆ. ಎಲ್ರಿಗೂ ಕಾಣೋ ಹಾಗೆ ಕಿಟಕೀಲಿ ಕೂತು ನಾನು ತಿಂತೀನಿ, ನೋಡ್ಲಿ' ಅಂದ್ರು ನಿಮ್ಮತ್ತೆ. ನಿಂಗೆ ಹೇಳೇ ಇಲ್ವಾ?"

ಸೊಸೆಗೆ ದುಃಖ ಉಕ್ಕಿ ಬಂತು. ಹನ್ನೆರಡು ವರ್ಷ ಅತ್ತೆಯ ಬೆನ್ನನ್ನಷ್ಟೇ ನೋಡಿದ್ದಳು. ಆ ಮುಖ ಬೀದಿಗೆ ಏನು ಹೇಳುತ್ತಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕಣ್ಣೊರೆಸಿಕೊಂಡು ತಟ್ಟೆಗೆ ಬಡಿಸಿಕೊಂಡಳು. ಸ್ಟೂಲಿನ ಮೇಲೆ ಕೂತು, ಬೀದಿಗೆ ಮುಖ ಮಾಡಿ, ಮೊದಲ ತುತ್ತು ಬಾಯಿಗಿಟ್ಟಳು.

ಡ್ರೈವರ್ ಗಡಿಯಾರ ನೋಡಿಕೊಂಡು ಮೆಟ್ಟಿಲ ಮೇಲೆ ಕುಳಿತ. ಅವನ ಪಕ್ಕದಲ್ಲಿ ಆಯಾ ಕುಳಿತಳು. ಅವರ ಹಿಂದೆ ಖಾಲಿ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು, ಇಡೀ ಸಾಲು ಒಬ್ಬೊಬ್ಬರಾಗಿ ನೆಲದ ಮೇಲೆ ಕುಳಿತುಕೊಂಡಿತು.